ಕಂಬಳಿ ಕೆಳಗಿನ ಬೆರಳು

“ನೋಟು ಅಚ್ಚು ಹಾಕೋ ಬ್ಯಾಂಕಿನೋರು ಕುರಿ ವ್ಯಾಪಾರ ಕಲಿಯಾಕ್ ಬಂದವ್ರೆ, ದಾರಿ ಬಿಡ್ರಲೇ!”

ಜೋಗಪ್ಪ ತನ್ನ ಟಗರಿನ ಕೊಂಬು ಹಿಡಿದುಕೊಂಡೇ ಕೂಗಿದ. ಪರಶುರಾಂಪುರದ ಕುರಿಸಂತೆ ಗೊಳ್ಳೆಂದು ನಕ್ಕಿತು. ತೇಜಶ್ರೀಯೂ ನಕ್ಕಳು. ನಗುವಾಗಲೂ ಅವಳ ಕಣ್ಣು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮುರುಗೇಂದ್ರಪ್ಪನ ಮೇಲೇ ಇತ್ತು.

ಅವಳು ಮುಂಬಯಿಯಲ್ಲಿ, ದೇಶದ ಕೇಂದ್ರ ಬ್ಯಾಂಕಿನ ಸಂಶೋಧನಾ ವಿಭಾಗದಲ್ಲಿದ್ದಳು. ಬೆಲೆ ಏರಿಕೆಯ ಅಧ್ಯಯನದಲ್ಲಿ ಮಾಂಸದ ಅಂಕಿಗಳು ಯಾಕೋ ಹೊಂದುತ್ತಿರಲಿಲ್ಲ. ಬೆಲೆ ಹುಟ್ಟುವ ಜಾಗವನ್ನೇ ನೋಡಿ ಬನ್ನಿ ಎಂದು ಮೇಲಿನವರು ಕಳಿಸಿದ್ದರು. ಬಾಯಿಬಿಟ್ಟು ಹೇಳದ, ಸಾಕ್ಷಿಯೇ ಇಲ್ಲದ ಬೆಲೆಯೊಂದು ಮುರಿಯದೆ ನಿಲ್ಲುವುದು ಹೇಗೆ ಎಂಬುದು ಅವಳು ಬರೆಯಬೇಕಾದ ವಿಷಯ. ನಾಡಿನಲ್ಲಿ ಎಷ್ಟೋ ಸಂತೆಗಳಿದ್ದವು. ಇದನ್ನು ಆರಿಸಿದವಳು ಅವಳೇ. ಯಾಕೆಂದು ಯಾರೂ ಕೇಳಲಿಲ್ಲ.

ಮುರುಗೇಂದ್ರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಫೋಟೋದವನನ್ನೂ ಕರೆಸಿದ್ದ. ಎಡ ಹೆಗಲ ಮೇಲೆ ಕರಿ ಕಂಬಳಿ. ಆ ಕಂಬಳಿಯಿಲ್ಲದವನು ಈ ಸಂತೆಯಲ್ಲಿ ದಲ್ಲಾಳಿಯಲ್ಲ; ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದೇ ಇಲ್ಲಿ ಬೆಲೆ ಕುದುರಿಸುವುದು.

“ನಮ್ ಸಂತೆ ಹೆಸ್ರು ನಿಮ್ ಪುಸ್ತಕದಾಗೆ ಬರ್ತೈತಲ್ರಿ, ಮೇಡಮ್ನೋರೆ?”

“ಬರ್ತೈತ್ರಿ, ಯಜಮಾನ್ರೆ. ನಿಮ್ ಹೆಸ್ರೂ ಬರ್ತೈತೆ.”

ಅವನು ಹಿಗ್ಗಿದ. “ಬರ್ಕೊಳ್ರಿ ಹಂಗಾರೆ. ಕಂಬಳಿ ಅಂದ್ರೆ ದೇವರ ಗದ್ದುಗೆ. ಅದರ ಕೆಳಗೆ ಹಿಡಿದ ಬೆರಳು ಸುಳ್ಳಾಗಂಗಿಲ್ಲ. ಹಿಂದೆ ಒಬ್ಬ ಇದ್ದ, ಹನುಮಣ್ಣ ಅಂತ. ಮೂರು ಹಿಡಿದ್ರೆ ನಾಕು ಅಂದ. ಅವನ ಹೆಗಲ ಕಂಬಳಿ ನಾನೇ ಕಿತ್ತು ಓಡಿಸ್ದೆ!”

ತೇಜಶ್ರೀ ಬರೆದುಕೊಳ್ಳಲಿಲ್ಲ. ಅವಳಿಗೆ ಅದು ಬಾಯಿಪಾಠವಾಗಿತ್ತು. ಅಂದು ದಲ್ಲಾಳಿ ಅವಳ ಅಪ್ಪ ಹನುಮಣ್ಣ; ಕೊಳ್ಳಲು ಬಂದ ಸಾವ್ಕಾರ ಇದೇ ಮುರುಗೇಂದ್ರಪ್ಪ. ಅಪ್ಪನ ಕೈಯಲ್ಲಿ ನಾಲ್ಕು ಬೆರಳು ಹಿಡಿದು, ಕಂಬಳಿ ಸರಿಸಿದ ಮೇಲೆ ಮೂರು ಎಂದಿದ್ದ. ಇಬ್ಬರೂ ಕಂಬಳಿ ಮುಟ್ಟಿ ಆಣೆ ಮಾಡಿದರು. “ಸಾವ್ಕಾರ್ರು ಯಾಕ್ ಸುಳ್ಳ್ ಹೇಳ್ತಾರೆ? ಅವ್ರಿಗೇನ್ ಕಮ್ಮಿ ಐತೆ?” ಎಂದು ಸಂತೆ ತೀರ್ಮಾನಿಸಿಬಿಟ್ಟಿತು. ಅಪ್ಪ ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊತ್ತ. ಮತ್ತೆ ಈ ಸಂತೆಯ ಮಣ್ಣು ತುಳಿಯಲಿಲ್ಲ. ಇವತ್ತೂ ಅಷ್ಟೇ, ಮಗಳ ಬಲವಂತಕ್ಕೆ ಬಂದವನು ರಸ್ತೆಯಾಚೆ ಜೀಪಿನಲ್ಲೇ ಉಳಿದಿದ್ದ.

“ಒಂದ್ ಸಲ ನಂಗೂ ತೋರಿಸ್ರಿ,” ಎಂದಳು. “ಜೋಗಪ್ಪನ ಟಗರು ನಾನು ತಗೋತೀನಿ.”

“ಹೆಣ್ಮಕ್ಳು ಕಂಬಳಿ ಕೆಳಗೆ ಕೈ ಹಾಕೋ ಪದ್ಧತಿ ಇಲ್ರಿ ನಮ್ಮಾಗೆ.”

“ನೋಟಿನ್ ಮ್ಯಾಲೆ ಸೈನ್ ಹಾಕೋ ಬ್ಯಾಂಕಿನೋರಿಗೆ ಯಾವ್ ಪದ್ಧತಿರಿ? ಹಿಡೀರಿ, ಸಾವ್ಕಾರ್ರೆ!” ಎಂದ ಜೋಗಪ್ಪ. ಫೋಟೋದವನು ಮುಂದೆ ಬಂದ. ಮುರುಗೇಂದ್ರಪ್ಪ ಹಲ್ಲುಬಿಟ್ಟು ಇಬ್ಬರ ಕೈಮೇಲೆ ಕಂಬಳಿ ಹೊದಿಸಿದ.

ಹತ್ತು ಸಾವಿರದ ಮೇಲೆ ಬೆರಳಿಗೊಂದು ಸಾವಿರ. ಮೊದಲು ಅವನು ಅವಳ ಐದೂ ಬೆರಳು ಹಿಡಿದ. ಅವಳು ಅವನ ಎರಡು ಹಿಡಿದಳು. ಅವನ ಹುಬ್ಬು ಮೇಲೇರಿತು; ಇವಳಿಗೆ ಯಾರು ಕಲಿಸಿದರು? ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಅಪ್ಪ ಟವೆಲ್ಲು ಹೊದಿಸಿ ಆಡಿಸುತ್ತಿದ್ದ ಆಟವದು. ಕೊನೆಗೆ ಅವನು ಅವಳ ನಾಲ್ಕು ಬೆರಳು ಗಟ್ಟಿಯಾಗಿ ಅದುಮಿದ. ಅವಳು ತಲೆಯಾಡಿಸಿದಳು.

“ಕುದುರ್ತು! ಜೋಗಪ್ಪ, ಹದ್ನಾಕು!”

“ಹದಿಮೂರಲ್ವೇನ್ರಿ?” ಎಂದಳು ತೇಜಶ್ರೀ. “ನೀವು ಹಿಡಿದಿದ್ದು ಮೂರು.”

ಅವನು ನಕ್ಕ. “ನಾಕು, ಮೇಡಮ್ನೋರೆ.”

“ಮೂರು.”

ನಗು ನಿಂತಿತು. ಅವಳು ಎಲ್ಲರೂ ನೋಡುವಂತೆ ಬಲಗೈಯನ್ನು ಕಂಬಳಿಯ ಮೇಲಿಟ್ಟಳು. ಉಣ್ಣೆ ಒರಟಾಗಿ ಅಂಗೈಗೆ ಚುಚ್ಚಿತು. “ಆಣೆ ಮಾಡ್ತೀನಿ, ಮೂರು. ಜೋಗಪ್ಪಂಗೆ ಹದ್ನಾಕೇ ಕೊಡ್ತೀನಿ, ದುಡ್ಡಿನ ಮಾತಲ್ಲ. ಆದ್ರೆ ಈ ಸಂತೆ ಬೆರಳು ನಂಬಬೋದು ಅಂತ ನಾನು ಹೆಂಗ್ ಬರೀಲಿ?”

ಜೋಗಪ್ಪ ಟಗರಿನ ಕೊಂಬು ಬಿಟ್ಟ. “ಮೇಡಮ್ನೋರು ಯಾಕ್ ಸುಳ್ಳ್ ಹೇಳ್ತಾರ್ರಿ? ಅವ್ರಿಗೇನ್ ಕಮ್ಮಿ ಐತೆ?”

ಆ ಮಾತು ಬಾಯಿಂದ ಬಾಯಿಗೆ ಹರಿದು ಸಂತೆಯ ಆಚೆ ತುದಿ ಮುಟ್ಟಿತು. ಕಂಬಳಿಯ ಕೆಳಗೆ ಅವಳ ಎಡಗೈ ಇನ್ನೂ ಅವನ ಕೈಯನ್ನು ಬಿಟ್ಟಿರಲಿಲ್ಲ. ಬಗ್ಗಿ, ಅವನೊಬ್ಬನಿಗೇ ಕೇಳುವಂತೆ ಹೇಳಿದಳು: “ನಮ್ಮಪ್ಪನ ಹೆಸ್ರು ಹನುಮಣ್ಣ.”

ಮುರುಗೇಂದ್ರಪ್ಪನ ಬಾಯಿ ತೆರೆಯಿತು. ಹನುಮಣ್ಣನ ಮಗಳು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಕೂಗಬಹುದಿತ್ತು. ಆಗ ಯಾವುದರ ಸೇಡು ಎಂದು ಸಂತೆ ಕೇಳಿಬಿಡುತ್ತಿತ್ತು. ಬಾಯಿ ಹಾಗೇ ಮುಚ್ಚಿಕೊಂಡಿತು. ಅವನ ಬೆರಳುಗಳು ಅವಳ ಕೈಯಲ್ಲಿ ತಣ್ಣಗಾದವು. ಅವಳು ಮೆಲ್ಲಗೆ, ರುಚಿ ನೋಡುವವಳ ಹಾಗೆ, ಒಂದೊಂದನ್ನೇ ಬಿಟ್ಟಳು. ಹಿಂದಿನಿಂದ ಯಾರೋ “ಕಂಬಳಿ ಇಳಿಸ್ರಿ, ಸಾವ್ಕಾರ್ರೆ” ಎಂದರು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ.

ಜೀಪಿನ ಹತ್ತಿರ ಬರುವಷ್ಟರಲ್ಲಿ ಸುದ್ದಿ ಅಪ್ಪನನ್ನು ಮುಟ್ಟಿತ್ತು. ಅವನ ಕಣ್ಣು ಒದ್ದೆಯಾಗಿತ್ತು. “ಈಗಲೂ ಅದೇ ಬುದ್ಧಿ ಬಿಟ್ಟಿಲ್ವಾ ಅವ್ನು?” ಎಂದ. “ದೇವರು ಐದಾನೆ ಬಿಡು, ತಾಯಿ. ನನ್ ಆಣೆ ನಿಜ ಅಂತ ತೋರಿಸ್ದ.”

ತೇಜಶ್ರೀ ಜೀಪು ಹತ್ತಿ ಕಿಟಕಿಯಾಚೆ ನೋಡಿದಳು. ಶೇಂಗಾ ಹೊಲಗಳು ಹಿಂದೆ ಸರಿಯತೊಡಗಿದವು. ಊರು ದಾಟಿದ ಮೇಲೆ ಅಪ್ಪ ಅವಳ ಮುಖವನ್ನೇ ನೋಡುತ್ತ ಕೂತ. ಆಮೇಲೆ ಹೆಗಲ ಟವೆಲ್ಲು ತೆಗೆದು ತನ್ನ ಬಲಗೈ ಮೇಲೆ ಹೊದಿಸಿ, ಇಬ್ಬರ ನಡುವೆ ಚಾಚಿದ.

“ಎಷ್ಟು ಹಿಡಿದಿದ್ದ?”

ಅವಳು ಕೈ ಒಳಗಿಟ್ಟಳು. ಅಪ್ಪನ ಬೆರಳುಗಳು ಮೂಟೆ ಹೊತ್ತು ಮರಗಟ್ಟಿದ್ದವು. ಆ ಟವೆಲ್ಲಿನ ಕೆಳಗೆ ಅವಳು ಎಂದೂ ಸುಳ್ಳು ಹಿಡಿದವಳಲ್ಲ. ಒಂದು, ಎರಡು, ಮೂರು ಹಿಡಿದು ತಡೆದಳು. ಅಪ್ಪ ಕಾದ. ಅವಳು ನಾಲ್ಕನೆಯದನ್ನೂ ಹಿಡಿದಳು.

ಜೀಪು ಹಳ್ಳ ದಾಟಿತು. ಅಪ್ಪ ಕೈ ಹಿಂದಕ್ಕೆಳೆದುಕೊಂಡ. ಟವೆಲ್ಲು ಅವಳ ಕೈಮೇಲೇ ಉಳಿಯಿತು.