ಒಂದಿಂಚು ಕಡಿಮೆಯ ಬಲತೋಳು

ಬೇರೆಯವರು ಕಾಗದ ಓದುವ ಹಾಗೆ ಟೇಲರಕ್ಕ ಅಳತೆಚೀಟಿ ಓದುತ್ತಿದ್ದಳು. ಗುಜರಿಯವನು ವರ್ಷಕ್ಕೆರಡು ಸಲ ಹಳೇ ಪೇಪರಿನ ಅಡಿಯಲ್ಲಿ ಬಟ್ಟೆ, ಚೀಟಿ ಮುಚ್ಚಿಟ್ಟು ತರುತ್ತಿದ್ದ. ಗುಡ್ಡದ ಮೇಲಿನ ಬಂದೂಕಿನ ಪಡೆಗೆ ಅಂಗಿ ಹೊಲಿಯಬೇಕು. ಚೀಟಿಯಲ್ಲಿ ಹೆಸರಿಲ್ಲ, ಬರೀ ಅಂಕಿ. ಒಂದರಲ್ಲಿ ಮಾತ್ರ ಎಡತೋಳು ಇಪ್ಪತ್ನಾಲ್ಕು, ಬಲತೋಳು ಇಪ್ಪತ್ಮೂರು. ಚಿಕ್ಕಂದಿನಲ್ಲಿ ಗೋಡೆ ಹಾರಿ ಕೈ ಮುರಿದುಕೊಂಡು, ಬೆಳೆದ ಮೇಲೆ ಪಡೆ ಸೇರಿದ ತಮ್ಮನದು ಅದು. ಆ ಚೀಟಿ ಕಂಡರೆ ಸರಿ, ತಮ್ಮ ಬದುಕಿದ್ದಾನೆ, ಮುಂದಿನ ಆರು ತಿಂಗಳು ಅನ್ನ ಗಂಟಲಲ್ಲಿ ಇಳಿಯುತ್ತದೆ. ಹನ್ನೊಂದು ವರ್ಷ ಹೀಗೇ ದೂಡಿದಳು, ಪುಣ್ಯಾತ್ಗಿತ್ತಿ.

ಪಡೆಯ ದೊಡ್ಡಣ್ಣ ಗುಂಡಿಗೆ ಬಲಿಯಾದನೆಂದು ರೇಡಿಯೋ ಹೇಳಿದ ದಿನ ಅವಳು ತಮ್ಮನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ತಲೆಯೇ ಹೋದ ಮೇಲೆ ಬಾಲ ಎಷ್ಟು ದಿನ ಆಡೀತು? ಬೇಕರಿಯವಳ ಮಗ ಬಂದೂಕು ಒಪ್ಪಿಸಿ ಮನೆಗೆ ಬಂದೂಬಿಟ್ಟ. ತಮ್ಮನೂ ಬಂದಾನೆಂದು ಇವಳು ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಳು.

ನಾಲ್ಕನೇ ತಿಂಗಳು ಗುಜರಿಯವನು ಬಂದ.

"ಎರಡು ಪಾಲಾಗಿದಾರೆ ಕಣಕ್ಕ. ಹೊಳೆ ಆಚೆಯವರು ನಾವೇ ಅಸಲಿ ಅಂತಾರೆ, ಈಚೆಯವರು ನಾವೇ ಅಂತಾರೆ. ನಾನು ಈಚೆಯವರ ಕತ್ತೆ. ಈ ಸಲ ಒಂದೇ ಕೋಟು, ನಾಲ್ಕು ಜೇಬಿನದು."

ನಾಲ್ಕು ಜೇಬು ದೊಡ್ಡಣ್ಣನಾದವನಿಗೆ ಮಾತ್ರ. ಚೀಟಿ ಬಿಡಿಸಿದಳು. ಎಡ ಇಪ್ಪತ್ನಾಲ್ಕು, ಬಲ ಇಪ್ಪತ್ಮೂರು. ಹಿಂದೆ ನಿಂತವನು ಹೇಗೋ ಮನೆಗೆ ಬಂದಾನು, ಮುಂದೆ ನಿಂತವನನ್ನು ಯಾರು ಬಿಡುತ್ತಾರೆ?

ಒಂದು ಗೆರೆಯೂ ತಪ್ಪದ ಕೈ ಅಂದು ಬೇಕೆಂದೇ ತಪ್ಪಿತು. ಎರಡು ತೋಳನ್ನೂ ಇಪ್ಪತ್ನಾಲ್ಕಕ್ಕೇ ಕತ್ತರಿಸಿದಳು.

"ತೋಳು ಸರಿ ಹೋಗದಿದ್ರೆ ಚೀಟಿ ಕಳಿಸ್ಬೇಡಿ ಅನ್ನು," ಎಂದಳು ಕೋಟು ಕೊಡುವಾಗ. "ಹಾಕ್ಕೊಳ್ಳೋರೇ ಬಂದು ಅಳತೆ ಕೊಡ್ಲಿ."

ದಿನವೂ ಟೇಪನ್ನು ಕೊರಳಿಗೆ ಹಾಕಿಕೊಂಡು ಬಾಗಿಲು ನೋಡಿದಳು. ಆ ಕೈಯನ್ನು ಒಂದು ಸಲ ಮುಟ್ಟಿ ಅಳೆಯಬೇಕು, ಅಷ್ಟೇ ಅವಳ ಆಸೆ. ಬಂದವನು ಗುಜರಿಯವನು, ಮೂವತ್ತು ಅಂಗಿಯ ಚೀಟಿ ಹಿಡಿದುಕೊಂಡು.

"ಕೋಟು ಸರಿ ಹೋಯ್ತಾ?"

"ಬಲತೋಳು ಉದ್ದ ಆಗಿತ್ತಕ್ಕ. ಬೈತಾರೇನೋ ಅಂದ್ಕೊಂಡೆ. ಹೊಲಿಗೆ ಸವರಿ ನೋಡಿದ್ರು, ಒಂದು ಮಡಿಕೆ ಮಡಚಿ ಹಾಕ್ಕೊಂಡ್ರು. ಈಗ ಹುಡುಗರೆಲ್ಲ ಬಲತೋಳು ಹಾಗೇ ಮಡಚ್ತಾರೆ, ಅದೇ ಈಚೆಯವರ ಗುರುತಾಗಿಬಿಟ್ಟಿದೆ. ಇನ್ಮೇಲೆ ದೊಡ್ಡಣ್ಣನಿಂದ ಹಿಡಿದು ಎಲ್ಲರಿಗೂ ಎರಡು ತೋಳೂ ಸಮ ಇರ್ಲಿ ಅಂತ ಅಪ್ಪಣೆ."

ಅವಳು ಮೂವತ್ತು ಚೀಟಿಯನ್ನೂ ತಿರುವಿ ಹಾಕಿದಳು. ಮತ್ತೆ ಮೊದಲಿನಿಂದ ನೋಡಿದಳು. ಎಲ್ಲದರಲ್ಲೂ ತೋಳು ಸಮ. ತಮ್ಮನದು ಯಾವುದು, ಅದರಲ್ಲಿ ಅವನದು ಇದೆಯೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.