ಆ ತುದಿಯ ಹಲೋ

ಗುಬ್ಬಿಯ ನಮ್ಮ ಸೊಸೈಟಿಯಲ್ಲಿದ್ದ ಲಿನಕ್ಸ್ ಕಂಪ್ಯೂಟರು ಆಗಾಗ ತುಮಕೂರಿನ ಹೆಡ್ ಆಫೀಸಿಗೆ ಮೋಡೆಮ್ ಮೂಲಕ ಫೋನ್ ಲೈನಿನಲ್ಲಿ ತಾನೇ ಡಯಲ್ ಮಾಡಿ ಕೊಬ್ಬರಿ ಆವಕದ ವಿವರ ಕಳಿಸಬೇಕಿತ್ತು. ಒಂದು ವಾರದಿಂದ ಅದು ಬರೀ ‘ನೋ ಕ್ಯಾರಿಯರ್’, ಅಂದರೆ ಆ ಕಡೆಯ ಮೋಡೆಮ್ ಸಿಗುತ್ತಿಲ್ಲ, ಎಂದು ಮೊಂಡು ಹಿಡಿದಿತ್ತು.

ಹೆಡ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗುರುಪ್ರಸಾದರನ್ನು ಕೇಳಿದೆ. “ನಮ್ ಕಡೆ ಎಲ್ಲಾ ಸರಿಯಾಗೈತೆ ಕಣಮ್ಮ. ನಿಮ್ ಲಿನಕ್ಸೇ ದರಿದ್ರ. ಎಲ್ರಂಗೆ ವಿಂಡೋಸ್ ಹಾಕ್ಕೊಳಕ್ಕೆ ಏನ್ ರೋಗ?” ಎಂದರು.

ನಾನು ಪಾಸ್‌ವರ್ಡ್ ಬದಲಿಸಿದೆ, ಡಯಲ್ ಮಾಡುವ ಸ್ಕ್ರಿಪ್ಟನ್ನು ಹೊಸದಾಗಿ ಬರೆದೆ, ಬೇರೆ ಮೋಡೆಮ್ ತರಿಸಿ ಹಾಕಿದೆ. ಏನೂ ಆಗಲಿಲ್ಲ. ಲೈನ್ ಸಿಗುವಾಗಿನ ಕಿರುಚಾಟ ತಲೆನೋವೆಂದು ನಮ್ಮ ಆಫೀಸಿನವರು ಮೋಡೆಮ್ಮಿನ ಸ್ಪೀಕರನ್ನೇ ಆಫ್ ಮಾಡಿಸಿದ್ದರು. ಕೊನೆಗೆ ಅದನ್ನು ಆನ್ ಮಾಡಿ ಡಯಲ್ ಮಾಡಿಸಿದೆ. ರಿಂಗಾಯಿತು. ಆ ಕಡೆ ಕಿರುಚಿದ್ದು ಮೋಡೆಮ್ ಅಲ್ಲ, ಮನುಷ್ಯ.

“ಹಲೋ... ಹಲೋ... ಯಾವನ್ಲಾ ಅವ್ನು? ದಿನಾ ಫೋನ್ ಮಾಡ್ತೀಯ, ಬಾಯೇ ಬಿಡಲ್ವಲ್ಲ! ಇಡ್ಲಾ ಫೋನು!”

ಅದು ಗುರುಪ್ರಸಾದರ ದನಿ.

ಮರುದಿನ ಬಸ್ಸು ಹತ್ತಿ ತುಮಕೂರಿಗೆ ಹೋದೆ. ಮಹಾಶಯರು ಅಲ್ಲಿನ ಮೋಡೆಮ್ಮಿನ ಲೈನು ಕಿತ್ತು ತಮ್ಮ ಮೇಜಿನ ಫೋನಿಗೆ ಹಾಕಿಕೊಂಡಿದ್ದರು. ಮಗಳಿಗೆ ಗಂಡು ನೋಡುತ್ತಿದ್ದರಂತೆ. ಗಂಡಿನ ಕಡೆಯವರಿಗೆ ಕೊಡಲು ಒಂದು ಡೈರೆಕ್ಟ್ ನಂಬರ್ ಬೇಕಿತ್ತಂತೆ.

ನಾನು ವಯರನ್ನು ಮೋಡೆಮ್ಮಿಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಗುಬ್ಬಿಯ ಒಂದು ವಾರದ ಆವಕವೆಲ್ಲ ಬಂದು ಬಿತ್ತು.

ಗುರುಪ್ರಸಾದರು ಒಳಗಿದ್ದ ಮ್ಯಾನೇಜರಿಗೆ ಕೇಳುವಂತೆ ಕೂಗಿ ಹೇಳಿದರು: “ಸಾರ್, ಗುಬ್ಬಿ ಕಡೆ ಫಾಲ್ಟು ಸರಿ ಮಾಡಿಸ್ದೆ. ಆಯಮ್ಮನ್ನ ಇಲ್ಲಿಗೇ ಕರೆಸ್ಕೊಂಡು ಹೇಳ್ಕೊಟ್ಟೆ.”