ಟೊಪ್ಪಿಯ ಕೆಳಗಿನ ಧರ್ಮಪ್ಪ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮುಖ ಬರೆಯಲು ಬರುವುದಿಲ್ಲ. ಜಲವರ್ಣದಲ್ಲಿ ಇಪ್ಪತ್ತು ವರ್ಷ ಕೈ ಒದ್ದೆ ಮಾಡಿಕೊಂಡಿದ್ದೇನೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಯಜ್ಞೇಶ ಭಟ್ಟ ಎಂದು ಹೆಸರೂ ಮಾಡಿದ್ದೇನೆ. ಎಲೆ, ಬೇಲಿ, ಎಮ್ಮೆಯ ಬೆನ್ನು ಎಲ್ಲ ಬರುತ್ತವೆ. ಕಣ್ಣಿನ ಹತ್ತಿರ ಹೋದೊಡನೆ ಕುಂಚ ಕೈಕೊಡುತ್ತದೆ. ಅದಕ್ಕೇ ನನ್ನ ಚಿತ್ರಗಳಲ್ಲಿ ಪ್ರತಿಯೊಬ್ಬರಿಗೂ ಅಡಿಕೆ ಹಾಳೆಯ ಟೊಪ್ಪಿ, ಮೂಗಿನವರೆಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದನ್ನು ಶೈಲಿ ಅಂದೆ. ನರಸಿಂಹರಾಜಪುರದ ಪ್ರದರ್ಶನದಲ್ಲಿ ಅಂಥ ಒಂದು ಚಿತ್ರದ ಮುಂದೆ ನಿಂತು ಒಬ್ಬರು ‘ಮುಖವಿಲ್ಲದ ಶ್ರಮಿಕನ ಮೌನ’ ಎಂದು ಅರ್ಧ ಗಂಟೆ ಭಾಷಣ ಮಾಡಿದರು. ನಾನು, ನಾಚಿಕೆಗೆಟ್ಟವನು, ಗಂಭೀರವಾಗಿ ತಲೆಯಾಡಿಸಿದೆ.

ಆ ಚಿತ್ರಕ್ಕೆ ಕೂತವನು ಮೇಗುಂದದ ಧರ್ಮಪ್ಪ, ತೋಟದ ಕೆಲಸದವನು. ಜಯಪುರ ಬಸ್‌ಸ್ಟ್ಯಾಂಡಿನ ಎದುರಿರುವ ನನ್ನ ಕೋಣೆಯಲ್ಲಿ ನಾಲ್ಕು ದಿನ ಕೂತಿದ್ದ, ನಾಲ್ಕು ದಿನವೂ ಸುಮ್ಮಸುಮ್ಮನೆ ನಗುತ್ತಿದ್ದ. ಅಲುಗಬೇಡ ಮಾರಾಯ ಎಂದು ಎಷ್ಟು ಸಲ ಗದರಿದೆನೋ. ಕೊಪ್ಪದಲ್ಲಿ ಇಪ್ಪತ್ತೈದೇ ಪ್ರಿಂಟ್ ಹಾಕಿಸಿ, ಒಂದೊಂದಕ್ಕೂ ನಂಬರ್ ಬರೆದು, ಮಂತ್ರಿಯ ಹಾಗೆ ಸಹಿ ಹಾಕಿದೆ. ಶೃಂಗೇರಿಯ ಅಂಗಡಿಯಲ್ಲಿ ಒಂದು ಬಿಟ್ಟು ಎಲ್ಲ ಖರ್ಚಾದವು, ಆ ಒಂದು ನನ್ನ ಕೋಣೆಗೇ ವಾಪಸು ಬಂತು.

ಹೋದ ತಿಂಗಳು ಧರ್ಮಪ್ಪ ತೀರಿಕೊಂಡ. ಎಂಟನೇ ದಿನ ಅವನ ಹೆಂಡತಿ ಕಮಲಕ್ಕ ನನ್ನ ಕೋಣೆಗೆ ಬಂದಳು.

“ಹನ್ನೊಂದರ ಕಾರ್ಯಕ್ಕೆ ಇಡ್ಲಿಕ್ಕೆ ಒಂದು ಫೋಟೋ ಇಲ್ಲ ಭಟ್ರೇ. ಆಧಾರ್ ಕಾರ್ಡಿಂದು ದೊಡ್ಡದು ಮಾಡ್ಸಿದ್ರೆ ಪೊಲೀಸ್ರು ಹಿಡ್ಕಂಡು ಬಂದ ಕಳ್ಳನ ಹಂಗೆ ಕಾಣ್ತಾರೆ. ನಗೋ ಮುಖ ಬೇಕಿತ್ತು. ನೀವು ನಾಲ್ಕು ದಿನ ನೋಡಿದ್ರಲ್ಲ.”

ಹಳೆಯ ಕಚ್ಚಾ ಚಿತ್ರಗಳನ್ನೆಲ್ಲ ಹರಡಿದೆ. ಧರ್ಮಪ್ಪನ ಕೈ, ಕಾಲಿನ ಹೆಬ್ಬೆರಳು, ಬೀಡಿ, ಹನ್ನೆರಡು ಟೊಪ್ಪಿ. ಮುಖ ಒಂದೂ ಇಲ್ಲ. ಅವಳೆದುರೇ ಪೆನ್ಸಿಲ್ ಹಿಡಿದು ಒಂದು ಗಂಟೆ ಒದ್ದಾಡಿದೆ.

“ಇದು ಯಾರು?” ಎಂದು ಕೇಳಿದಳು.

ನಿವೃತ್ತ ಹೆಡ್ಮಾಸ್ಟರೊಬ್ಬರಿಗೆ ಹಲ್ಲುನೋವು ಬಂದಂತಿತ್ತು. ಪೆನ್ಸಿಲ್ ಕೆಳಗಿಟ್ಟೆ.

“ನಂಗೆ ಮುಖ ಬರೆಯೋಕೆ ಬರಲ್ಲ ಕಮಲಕ್ಕ.” ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದೆ.

“ಗೊತ್ತು,” ಎಂದಳು. “ಅವ್ರು ಮೊದಲ್ನೇ ದಿನವೇ ಹೇಳಿದ್ರು. ಭಟ್ರಿಗೆ ಕಣ್ಣು ಬರೆಯೋಕೆ ಬರಲ್ಲ ಕಣೆ, ಪಾಪ, ನಾನೇ ಟೊಪ್ಪಿ ಕೆಳಗೆ ಎಳ್ಕಂಡು ಕೂತೆ ಅಂತ. ಮನೆಗೆ ಬಂದೂ ನಗ್ತಿದ್ರು. ಆದ್ರೂ ಎಲ್ಲಾದ್ರೂ ಒಂದು ಬರ್ದಿರ್ತೀರೇನೋ ಅಂತ ಬಂದೆ.”

ನನಗೆ ಅಳು ಬಂತು, ಮರ್ಯಾದೆ ಹೋದದ್ದಕ್ಕಲ್ಲ. ಉಳಿದಿದ್ದ ಇಪ್ಪತ್ತೈದನೇ ಪ್ರಿಂಟನ್ನು ಸುತ್ತಿ ಅವಳ ಕೈಗೆ ಕೊಟ್ಟೆ.

ಹನ್ನೊಂದನೇ ದಿನ ಮೇಗುಂದಕ್ಕೆ ಹೋದೆ. ಪ್ರಿಂಟಿಗೆ ಕಟ್ಟು ಹಾಕಿಸಿ, ಸೇವಂತಿಗೆ ಹಾರ ಹಾಕಿ, ಎದುರಿಗೆ ದೀಪ ಇಟ್ಟಿದ್ದರು. ಮಗಳು ಸುಮಲತಾ ಕುಂಕುಮದ ಬೆರಳು ಎತ್ತಿ ಹಾಗೇ ನಿಂತಳು. ಕುಂಕುಮ ಹಣೆಗೆ ಇಡಬೇಕು. ಹಣೆ ಎಲ್ಲಿದೆ? ನೆಂಟರೆಲ್ಲ ನೋಡುತ್ತಿದ್ದರು. ಅವಳು ತಿರುಗಿ ನನ್ನನ್ನು ನೋಡಿದಳು.

ನಾನು ಎದ್ದು ಹೋಗಿ ಟೊಪ್ಪಿಯ ಮೇಲೆ ಒಂದು ಜಾಗ ತೋರಿಸಿದೆ. ಅವಳು ಅಲ್ಲಿ ಇಟ್ಟಳು.

ಕಮಲಕ್ಕ ದೂರದಿಂದ ನೋಡಿ, “ಒಂಚೂರು ಕೆಳಗೆ ಆಗ್ಬೇಕಿತ್ತು,” ಎಂದಳು.